ಡ್ರೈವ್ ನಂಬರ್ ಎರಡು

ರಾತ್ರಿ ಒಂಬತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ಅವಳು ತೆರೆದರೆ ಮೇಲಿನ ಮಹಡಿಯವನು, ಕೆಟ್ಟ ಹಾರ್ಡ್ ಡ್ರೈವ್ ರಿಪೇರಿ ಮಾಡುವುದರಿಂದ ಎಲ್ಲರ ಬಾಯಲ್ಲೂ ಡ್ರೈವ್ ಡಾಕ್ಟರ್. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಕೈಯಲ್ಲಿ ಸ್ಕ್ರೂಡ್ರೈವರ್.

"ಯಾರೂ ಏನೂ ಮುಟ್ಟಬೇಡಿ," ಎಂದಷ್ಟೇ ಹೇಳಿ ಅವನು ಅವಳನ್ನು ದಾಟಿ ಒಳನಡೆದ.

ಕನ್ನಡಕದಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷಿಸುವವಳು ಅವಳು. ಯಾರ ಕಣ್ಣನ್ನಾದರೂ ಅಳುಕಿಲ್ಲದೆ ದಿಟ್ಟಿಸಬಲ್ಲಳು. ಮೆಟ್ಟಿಲ ಮೇಲೆ ಇವನು ಎದುರಾದರೆ ಮಾತ್ರ ಕೈಯಲ್ಲಿದ್ದ ಬೀಗದ ಕೈ ನೋಡುತ್ತ ನಿಲ್ಲುತ್ತಿದ್ದಳು.

ಒಳಕೋಣೆಯಲ್ಲಿ ಅವಳ ಅಣ್ಣ, ಮನೆಯ ವಿಡಿಯೋ, ರೆಕಾರ್ಡಿಂಗ್‌ಗಳನ್ನೆಲ್ಲ ಕೂಡಿಡುವ ಸರ್ವರ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ನಾಲ್ಕು ಡ್ರೈವ್‌ಗಳಲ್ಲೊಂದು ಅವನ ಕೈಯಲ್ಲಿತ್ತು.

"ಎರಡನೇದು ಕೆಡ್ತಿದೆ ಅಂತ ಮೆಸೇಜ್ ಬಂತು, ಎಳೆದೆ. ತಪ್ಪಾ?"

"ನನಗೂ ಬಂತು. ಹಿಂದೇನೇ ಎಲ್ಲಾ ಕುಸಿದಿದೆ ಅಂತ ಇನ್ನೊಂದು. ಸರ್ವರ್ ಸೊನ್ನೆಯಿಂದ ಎಣಿಸುತ್ತೆ ಅಣ್ಣ. ಅದರ ಲೆಕ್ಕದಲ್ಲಿ ಎರಡು ಅಂದ್ರೆ ಮೂರನೇ ಖಾನೆ. ನೀವು ಎಳೆದಿರೋದು ಗಟ್ಟಿಮುಟ್ಟಾಗಿರೋದನ್ನ. ಒಂದು ಹೋದ್ರೆ ಉಳಿದ ಮೂರು ತಡ್ಕೊಳ್ತವೆ, ಎರಡು ಹೋದ್ರೆ ಇಲ್ಲ."

ಅಣ್ಣನ ಮುಖ ಬಿಳಿಚಿತು. ಆ ಪೆಟ್ಟಿಗೆಯಲ್ಲಿದ್ದದ್ದು ಅಮ್ಮನ ಧ್ವನಿ. ಗಂಟಲ ಆಪರೇಷನ್ ಆದರೆ ಮಾತು ನಿಲ್ಲುತ್ತದೆಂದು ತಿಳಿದು, ಅಮ್ಮ ಒಂದು ತಿಂಗಳು ಕುಳಿತು ಕಥೆ, ಜೋಗುಳ, ಮಕ್ಕಳಿಗೆ ಬೇಕಾಗಬಹುದೆಂದು ನಾಲ್ಕು ಬೈಗುಳ, ಎಲ್ಲವನ್ನೂ ರೆಕಾರ್ಡ್ ಮಾಡಿಸಿದ್ದಳು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

"ಹಾಗಾದ್ರೆ ಇದರ ಮೇಲೆ ಎರಡು ಅಂತ ಚೀಟಿ ಅಂಟಿಸಿದ್ದು ಯಾರು?" ಅಣ್ಣ ಸಿಡುಕಿದ.

ಡಾಕ್ಟರ್ ಡ್ರೈವನ್ನು ಇಸಿದುಕೊಂಡ. ಆ ಪುಟ್ಟ ಬಿಳಿ ಚೀಟಿಯನ್ನು ಒಮ್ಮೆ ನೋಡಿ, ಉಗುರಿನಿಂದ ಎಬ್ಬಿಸಿ, ಜೇಬಿಗೆ ಸೇರಿಸಿದ. ಅವಳು ಅದನ್ನು ಕಂಡಳು.

"ನಾನೇ," ಎಂದ.

ಎರಡು ವರ್ಷದ ಹಿಂದೆ ಪೆಟ್ಟಿಗೆ ಜೋಡಿಸಿಕೊಟ್ಟವನೂ ಅವನೇ. ಅಣ್ಣನಿಗೆ ಅನುಮಾನ ಬರಲಿಲ್ಲ. "ರಿಪೇರಿ ಮುಗಿಸು. ಆಮೇಲೆ ನಮ್ಮ ಮೆಟ್ಟಿಲು ತುಳೀಬೇಡ."

"ತುಳೀದೆ ಆಗಲ್ಲ, ನನ್ನ ಮನೆ ಮೇಲಿದೆ. ಬಾಗಿಲು ತಟ್ಟಲ್ಲ, ಅಷ್ಟೆ."

ಅವಳು ಅವನ ಜೇಬಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮನೆಯ ವಿಡಿಯೋಗಳಿಗೆ ಥಂಬ್‌ನೇಲ್, ಅಂದರೆ ಪುಟ್ಟ ಗುರುತಿನ ಚಿತ್ರ ತಯಾರಿಸುವ ಕೆಲಸ ಸರ್ವರಿನಲ್ಲಿ ಇನ್ನೂ ಸರದಿಯಲ್ಲಿತ್ತು. ಅವನು ಮೊದಲು ಅದನ್ನು ನಿಲ್ಲಿಸಿದ. "ಕೊನೆಯುಸಿರು ಎಳೀತಿರೋ ಡ್ರೈವನ್ನ ಓಡಿಸಬಾರದು." ಪವರ್ ಆರಿಸಿ, ಗಟ್ಟಿ ಡ್ರೈವನ್ನು ಅದರ ಖಾನೆಗೇ ಮರಳಿಸಿ, ಮತ್ತೆ ಚಾಲೂ ಮಾಡಿದ. ಒಂದು ಹಸಿರು ದೀಪ. ಎರಡು. ಮೂರನೆಯದು ಕಿತ್ತಳೆ ಬಣ್ಣದಲ್ಲಿ ಮಿಟುಕಿತು. ನಾಲ್ಕನೆಯದೂ ಹಸಿರು. ನಾಲ್ಕು ನಿಮಿಷ ಕಾದು ಅವನು ಅಮ್ಮನ ಒಂದು ರೆಕಾರ್ಡಿಂಗ್ ಒತ್ತಿದ.

ಸ್ಪೀಕರಿನಲ್ಲಿ ಅಮ್ಮ ಕೆಮ್ಮಿದಳು. "ಏನೋ ಇದು, ಆನ್ ಆಗಿದೆಯೇನೋ?"

ಅಣ್ಣ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡ.

ಅಮ್ಮನ ಕಡತಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿ, ಕೆಟ್ಟದ್ದನ್ನು ಬದಲಿಸಿ, ಡಾಕ್ಟರ್ ಹೊರಟ. ಅವಳು ಬಾಗಿಲ ಹೊರಗೆ ಬಂದು ಅಡ್ಡ ನಿಂತಳು.

"ಚೀಟಿ ಕೊಡಿ."

"ಯಾವ ಚೀಟಿ?"

"ಜೇಬಲ್ಲಿರೋದು. ಸುಳ್ಳು ಹೇಳುವಾಗ ನಿಮ್ಮ ಎಡಗಣ್ಣಿನ ರೆಪ್ಪೆ ಹೊಡ್ಕೊಳ್ಳುತ್ತೆ. ದಿನಾ ಕಣ್ಣು ನೋಡೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಅವನು ಒಲ್ಲದ ಮನಸ್ಸಿನಿಂದ ಕೊಟ್ಟ. ಲೆನ್ಸ್ ಡಬ್ಬಿಗೆ ಅಂಟಿಸುವಂಥ ಚೀಟಿ. ಅದರ ಮೇಲೆ ನೇರಳೆ ಶಾಯಿಯಲ್ಲಿ ಎರಡರ ಅಂಕಿ. ಅವಳು ಬಹಳ ಹೊತ್ತು ನೋಡಿದಳು.

"ನಾನೇ ಅಂಟಿಸಿದ್ದು ಅಂತ ಯಾಕಂದ್ರಿ?"

"ಧ್ವನಿ ವಾಪಸ್ ಬರುತ್ತೋ ಇಲ್ವೋ ಗೊತ್ತಿರಲಿಲ್ಲ. ಬರದಿದ್ರೆ ಚೀಟಿ ಅಂಟಿಸಿದವರು ಆ ಭಾರಾನ ಜೀವಮಾನವಿಡೀ ಹೊರಬೇಕಿತ್ತು. ನಾನು ಹೊತ್ಕೊಂಡ್ರೆ ನನಗೆ ತಪ್ಪೋದು ಒಂದು ಮನೆ."

"ಬರೀ ಒಂದು ಮನೇನಾ?"

ಅವನು ಚಪ್ಪಲಿಯಿಲ್ಲದ ಕಾಲನ್ನು ಇನ್ನೊಂದರ ಹಿಂದೆ ಮರೆಸಿದ. "ಅಲ್ಲ. ಆ ಮನೇಲಿ ನೀವಿದ್ದೀರಿ."

"ಇಷ್ಟು ದಿನ ಹೇಳೋಕೇನಾಗಿತ್ತು?"

"ನೀವು ತಲೆ ಎತ್ತಿದ್ರೆ ತಾನೆ?"

ಅವಳು ನಕ್ಕಳು. ಅವನ ಮುಂಗೈ ಹಿಡಿದಳು, ಬಿಡಲಿಲ್ಲ. "ನಡೀರಿ ಒಳಗೆ."

"ನಿಮ್ಮಣ್ಣ ಬೈತಾರೆ."

"ಬೈಯಲಿ. ಬೈಸ್ಕೊಳ್ಳೋ ಸರದಿ ನಿಮ್ಮದಲ್ಲ."

ಅಣ್ಣ ತಲೆಯೆತ್ತಿದ. ಮೊದಲು ಅವಳು ಹಿಡಿದಿದ್ದ ಅವನ ಕೈಯನ್ನು, ಆಮೇಲೆ ತಂಗಿಯ ಮುಖವನ್ನು ನೋಡಿದ.

"ಅಣ್ಣ, ಹೋದ ತಿಂಗಳು ಪೆಟ್ಟಿಗೆ ಧೂಳೊರೆಸಿ ಹೊಸ ಚೀಟಿ ಅಂಟಿಸಿದವಳು ನಾನು."