ಅತ್ತೆಯನ್ನು ಉಳಿಸಿಕೊಳ್ಳುವ ಉಪಾಯ

ಏಪ್ರಿಲ್ ತಿಂಗಳ ಶನಿವಾರ, ಬಿಸಿಲು ಇಳಿಯುತ್ತಿದ್ದ ಐದು ಗಂಟೆ. ಕೋಗಿಲಿನ ಮನೆಯ ತಾರಸಿಯಲ್ಲಿ ಮಾವಿನಕಾಯಿ ಹೋಳುಗಳಿಗೆ ಉಪ್ಪುಖಾರ ಮೆತ್ತುತ್ತಾ ಸಂಯುಕ್ತಾ ಹೇಳಿದಳು:

"ತಾತ ಆರ್ ಸ್ಲೀಪಿಂಗ್."

ರಮಾ ಅತ್ತೆ ಹಣೆ ಚಚ್ಚಿಕೊಂಡಳು. "ತಾತ ಎಷ್ಟು ಜನ ಇದ್ದಾರೆ?"

"ಒಬ್ಬರೇ."

"ಒಬ್ಬರಿಗೆ ಈಸ್. ತುಂಬಾ ಜನಕ್ಕೆ ಆರ್. ತಾತ ಈಸ್ ಸ್ಲೀಪಿಂಗ್."

"ಮತ್ತೆ ಕನ್ನಡದಲ್ಲಿ ಮಲಗಿದ್ದಾರೆ ಅಂತೀವಲ್ಲ? ಮಲಗಿದ್ದಾನೆ ಅಂದ್ರೆ ಅಪ್ಪ ಬೆನ್ನಿಗೇ ಬಾರಿಸ್ತಾರೆ!"

ನೀರಿನ ಟ್ಯಾಂಕಿನ ನೆರಳಲ್ಲಿ ಮಲಗಿದ್ದ ಪಿಳ್ಳಣ್ಣ ತಾತ ಒಂದು ಕಣ್ಣು ತೆರೆದರು. "ಮಗ ಸರ್ಯಾಗೇ ಯೋಳ್ತೈತೆ. ನಂಗೆ ಆ ಆರೇ ಇರ್ಲಿ ಬುಡಮ್ಮ. ಈ ವಯಸ್ನಾಗೆ ಈಸ್ ತಕ್ಕೊಂಡು ಏನ್ ಮಾಡ್ಲಿ?"

ಅತ್ತೆ ದೊಡ್ಡಬಳ್ಳಾಪುರದಲ್ಲಿ ಟೀಚರ್. ಯಲಹಂಕದಲ್ಲಿ ಟ್ರೈನಿಂಗ್ ಅಂತ ವಾರದಿಂದ ತವರಿನಲ್ಲೇ ಇದ್ದಳು. ಟ್ರೈನಿಂಗ್ ನಿನ್ನೆಯೇ ಮುಗಿದಿತ್ತು. ಆದರೆ ಅವಳು ಬಂದ ದಿನವೇ ಸಂಯುಕ್ತಾಳ ಅಪ್ಪ, "ಇವಳು ಇಂಗ್ಲಿಷಲ್ಲಿ ಕುಂಟ್ತಿದ್ದಾಳೆ" ಅಂದಾಗ, "ಅವಳಿಗೆ ಈಸ್, ಆರ್ ಬಂದ ಮೇಲೇ ಹೊರಡ್ತೀನಿ ಬಿಡಣ್ಣ" ಅಂದುಬಿಟ್ಟಿದ್ದಳು.

ಅಲ್ಲೇ ಸಂಯುಕ್ತಾಳಿಗೆ ದಾರಿ ಸಿಕ್ಕಿತು. ನಿಜ ಹೇಳಬೇಕೆಂದರೆ, ಅವಳಿಗೆ ಅದೆಲ್ಲಾ ಗುರುವಾರವೇ ಬಂದಿತ್ತು. ಆದರೆ ಅತ್ತೆ ಹೋದರೆ ರಾತ್ರಿ ತಾರಸಿಯಲ್ಲಿ ಹಾಸಿಗೆ ಹಾಸುವವರು ಯಾರು? ದೆವ್ವದ ಕತೆ ಹೇಳುತ್ತಾ ಹೇಳುತ್ತಾ ತಟ್ಟನೆ ಕಾಲು ಹಿಡಿದು ಎಳೆಯುವವರು ಯಾರು?

ಬಂದ ಮೇಲೆ ತಾನೇ ಹೋಗುವುದು? ಬರದಿದ್ದರಾಯಿತು!

ಭಾನುವಾರವಿಡೀ ಅವಳ ಇಂಗ್ಲಿಷಿನಲ್ಲಿ ನಾಯಿಗಳು 'ಬಾರ್ಕ್ಸ್' ಅಂದವು, ಒಂಟಿ ಕಾಗೆ 'ಈಟ್' ಅಂದಿತು. ಅತ್ತೆಯ ಗಂಟಲು ಒಣಗಿತು.

ಸೋಮವಾರ ಒಂದು ದಿನ ತಳ್ಳಿದರೆ ಸಾಕಿತ್ತು. ಮಂಗಳವಾರ ಆ ಮನೆಯಲ್ಲಿ ಹೆಣ್ಣುಮಗಳನ್ನು ತವರಿನಿಂದ ಕಳಿಸುವುದಿಲ್ಲ. ಬುಧವಾರದವರೆಗೆ ಅತ್ತೆ ಇವಳ ಪಾಲಿಗೇ!

ಸೋಮವಾರ ಬೆಳಿಗ್ಗೆ ಪಾಠ ಶುರುವಾಗುತ್ತಿದ್ದ ಹಾಗೇ ಅತ್ತೆಗೆ ಫೋನ್ ಬಂತು. ಸ್ಪೀಕರಿನಲ್ಲಿ ಅವಳ ಮಗ ಮನೋಹರ್. ನಾಲ್ಕು ವರ್ಷದವನು, ಊರಲ್ಲಿ ಅಜ್ಜಿಯ ಜೊತೆ ಇದ್ದ.

"ಅಮ್ಮಾ, ಇವತ್ತು ಬರ್ತೀಯಾ?"

"ಅಕ್ಕಂಗೆ ಪಾಠ ಇನ್ನೂ ಬಂದಿಲ್ಲ ಕಂದಾ. ಬುಧವಾರ ಬರ್ತೀನಿ."

"ಅಕ್ಕಂಗೆ ಕಷ್ಟಾನಾ? ಬೈಬೇಡಮ್ಮ ಪಾಪ. ನಾನು ನಿನ್ ಸೀರೆ ಹೊದ್ಕೊಂಡು ಮಲಗ್ತೀನಿ ಬಿಡು."

ಸಂಯುಕ್ತಾ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ಕೆರೆಯತೊಡಗಿದಳು.

ಫೋನ್ ಇಟ್ಟು ಅತ್ತೆ ಕೇಳಿದಳು, "ಹೂಂ, ಎಲ್ಲಿದ್ವಿ?"

"ದ ಡಾಗ್ಸ್ ಬಾರ್ಕ್. ದ ಕ್ರೋ ಈಟ್ಸ್. ಮೈ ಫ್ರೆಂಡ್ಸ್ ಆರ್ ಪ್ಲೇಯಿಂಗ್." ಸಂಯುಕ್ತಾ ಉಸಿರು ಬಿಡದೆ ಹೇಳಿದಳು. ಆಮೇಲೆ ಮೆಲ್ಲಗೆ, "ಮೈ ಬ್ರದರ್ ಈಸ್ ವೇಟಿಂಗ್."

ಅತ್ತೆ ಅವಳನ್ನೇ ನೋಡಿದಳು. "ಎಲಾ ಕಳ್ಳೀ! ಯಾವಾಗ ಬಂತೇ ಇದು?"

"ಈಗ ತಾನೇ ಬಂತು ಅತ್ತೆ."

ಅತ್ತೆ ನೋಯದ ಹಾಗೆ ಅವಳ ಕಿವಿ ಹಿಂಡಿದಳು. "ಮುಂದಿನ ಸಲ ಟೆನ್ಸ್ ಕಲಿಸ್ತೀನಿ. ಅದಕ್ಕೆ ತಿಂಗಳೇ ಬೇಕು. ಮನೂನೂ ಕರ್ಕೊಂಡು ಬರ್ತೀನಿ."

ಸಂಯುಕ್ತಾ ಒಳಗೆ ಓಡಿ, ಎರಡೂ ಕೈಯಲ್ಲಿ ಬ್ಯಾಗನ್ನು ಎಳೆದುಕೊಂಡು ಬಂದು ಬಾಗಿಲಲ್ಲಿಟ್ಟಳು.

ಸೋಮವಾರ ಮಧ್ಯಾಹ್ನದ ಬಸ್ಸಿಗೆ ರಮಾ ಅತ್ತೆ ದೊಡ್ಡಬಳ್ಳಾಪುರಕ್ಕೆ ಹೊರಟಳು.