ಬೇಕರಿಯಮ್ಮನ ಗಡಿಯಾರ ಮಾತು ನಿಲ್ಲಿಸಿದ್ದು

ಬೇಕರಿಯಮ್ಮ ಬಾಗಿಲು ತಟ್ಟಿದಾಗ ಅತ್ತೆ ಸೊಸೆ ಇಬ್ಬರೂ ಒಂದೇ ಪತ್ರಿಕೆಯ ಬೇರೆ ಬೇರೆ ಹಾಳೆ ಹಿಡಿದು ಕೂತಿದ್ದರು. ಅತ್ತೆ ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತರಾದವರು. ನಿವೃತ್ತಿ ಅವರ ನೌಕರಿಗೆ ಬಂದಿತ್ತೇ ಹೊರತು ಕಣ್ಣಿಗಲ್ಲ. ಆ ಕಟ್ಟಡದಲ್ಲಿ ಯಾರದು ಏನು ಕಳೆದರೂ ಮೊದಲು ತಟ್ಟುವ ಬಾಗಿಲು ಅವರದೇ. ಸೊಸೆ ಬೆನ್ನಿಗೆ ಬಿದ್ದು ಹೋಗುತ್ತಿದ್ದಳು, ತಲೆಬುಡವಿಲ್ಲದ ಪ್ರಶ್ನೆ ಕೇಳಿ ಬೈಸಿಕೊಳ್ಳುತ್ತಿದ್ದಳು, ಇಂಥ ಅತ್ತೆ ಸಿಕ್ಕಿದ್ದು ತನ್ನ ಪುಣ್ಯವೆಂದು ಕಂಡವರಿಗೆಲ್ಲ ಹೇಳುತ್ತಿದ್ದಳು.

"ಅವರ ದನಿ ಹೋಯ್ತು ಅಮ್ಮಾ," ಎಂದು ಬೇಕರಿಯಮ್ಮ ಕುರ್ಚಿಯಲ್ಲಿ ಕುಸಿದಳು.

ದನಿ ಅವಳ ಗಂಡನದು. ರೇಡಿಯೋ ರಿಪೇರಿಯ ಹುಚ್ಚಿದ್ದ ಆತ ಹೆಂಡತಿಗಾಗಿ ಒಂದು ಗಡಿಯಾರ ಕಟ್ಟಿದ್ದ. ಬೆಳಗಿನ ಜಾವ ಅದು ಅವನದೇ ದನಿಯಲ್ಲಿ, "ಎದ್ದೇಳೇ, ಹಿಟ್ಟು ಉಬ್ಬಿದೆ," ಎನ್ನುತ್ತಿತ್ತು. ಇವಳು ಕಣ್ಣು ಬಿಡದೆಯೇ, "ಬಂದೆ ಇರ್ರೀ," ಎನ್ನುವಳು. ಅವನು ತೀರಿಕೊಂಡ ಮೇಲೂ ಈ ಮಾತುಕತೆ ತಪ್ಪಿರಲಿಲ್ಲ. ಈಚೆಗೆ ದನಿ ಕರಕರ ಎನ್ನತೊಡಗಿತು. ಹಳೆಯ ಚಿಪ್‌ಗಳಿಗೂ ಮರೆವು ಬರುತ್ತದೆ, ಪೂರ್ತಿ ಮರೆಯುವ ಮೊದಲು ಹೊಸದಕ್ಕೆ ನಕಲು ಮಾಡಿಕೊಡುತ್ತೇವೆ ಎಂದು ಮೇಲ್ಮಹಡಿಯ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಕೂಟದವರು ಧೈರ್ಯ ಹೇಳಿ ಗಡಿಯಾರ ತೆಗೆದುಕೊಂಡಿದ್ದರು.

"ಇವತ್ತು ಮಷೀನಿಗೆ ಹಾಕಿ ನೋಡಿದ್ರೆ ಒಳಗೇನೂ ಇಲ್ವಂತೆ. ಬೇರೆಲ್ಲೂ ಅವರ ದನಿ ಇಲ್ಲಮ್ಮ. ಅದೊಂದೇ ಇದ್ದಿದ್ದು."

ಅತ್ತೆ ಕನ್ನಡಕ ಏರಿಸಿ ಎದ್ದರು. "ನೀನು ಇಲ್ಲೇ ಕಾಫಿ ಕುಡೀತಾ ಇರು. ಬಾರೇ ಹುಡುಗಿ."

ಕೂಟದ ಕೋಣೆಯಲ್ಲಿ ಮೂವರಿದ್ದರು. ಮೂವರ ಬಳಿಯೂ ಕೋಣೆಯ ಬೀಗದ ಕೈ ಇರುತ್ತಿತ್ತು. ಬಸ್ ಓಡಿಸುವ ಡ್ರೈವರಣ್ಣ ತಲೆ ತಗ್ಗಿಸಿ ಕೂತಿದ್ದ. ಗಣಿತದ ಟೀಚರ್ ಉಗುರು ಕಚ್ಚುತ್ತಿದ್ದಳು. ಫೋಟೋ ಸ್ಟುಡಿಯೋದ ಮಾಲೀಕ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪ್ರೋಗ್ರಾಮರ್ ಇತ್ತು. ಚಿಪ್‌ನಲ್ಲಿರುವುದನ್ನು ಓದಿ ಇನ್ನೊಂದಕ್ಕೆ ಬರೆಯುವ ಯಂತ್ರ ಅದು.

"ಕರೆಂಟೇ ಇಲ್ವಲ್ಲ, ಸ್ವಿಚ್ ಬೋರ್ಡಿನ ದೀಪ ಉರೀತಿಲ್ಲ," ಎಂದು ಸೊಸೆ ಜಾಣತನ ತೋರಿಸಿದಳು.

"ಇದೆ, ಕೈ ಹಾಕ್ಬೇಡಿ!" ಎಂದಳು ಟೀಚರ್. "ನಮ್ಮ ಸ್ಟುಡಿಯೋದವ್ರಿಗೆ ದೀಪ ಕಂಡ್ರೆ ಆಗಲ್ಲ. ಮುಚ್ಚಿಟ್ಟಿದ್ದಾರೆ." ನೋಡಿದರೆ ಕೆಂಪು ದೀಪದ ಮೇಲೆ ಕಪ್ಪು ಟೇಪಿನ ಚೂರು ಅಂಟಿತ್ತು. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರು. ಸೊಸೆ ನಾಲಗೆ ಕಚ್ಚಿಕೊಂಡಳು.

"ಅಗ್ಗದ ಮಾಲು ಬೇಡ ಅಂತ ಬಡ್ಕೊಂಡೆ," ಎಂದ ಸ್ಟುಡಿಯೋದವನು. "ಒಳ್ಳೇ ಕಂಪನೀದು ತಗೊಳ್ಳಿ ಅಂದ್ರೆ ಕೇಳ್ಲಿಲ್ಲ. ಹೆಚ್ಚು ವೋಲ್ಟೇಜ್ ಕೊಟ್ಟು ಚಿಪ್ ಸುಟ್ಟುಹಾಕಿದೆ."

"ಅಗ್ಗ ಅಂತ ಕಣ್ಮುಚ್ಚಿ ತಂದಿದ್ದಲ್ಲ," ಎಂದ ಡ್ರೈವರಣ್ಣ. "ನಮ್ಮ ಹತ್ರ ಇರೋ ಚಿಪ್‌ಗಳನ್ನೆಲ್ಲ ಓದುತ್ತಾ, ಕೂಟದ ಹಳೇ ಲ್ಯಾಪ್‌ಟಾಪಲ್ಲಿ ಓಡುತ್ತಾ ಅಂತ ಒಂದೊಂದೇ ನೋಡಿ ತಂದೆ. ದೊಡ್ಡ ಮಷೀನ್ ಮಾಡೋ ಮಿಕ್ಕ ಕೆಲಸ ನಮಗೆ ಯಾವತ್ತೂ ಬೇಕಾಗಲ್ಲ. ಆದ್ರೂ ತಪ್ಪು ನಂದೇ ಇರ್ಬಹುದು. ನಾನು ಕೂಟ ಬಿಡ್ತೀನಿ."

"ಬಿಡೋದು ಆಮೇಲೆ. ಮೊದಲು ಆ ಚಿಪ್ ಕೊಡಿ," ಎಂದರು ಅತ್ತೆ.

ಚಿಪ್‌ನ ಬೆನ್ನಿಗೆ ಹಳದಿಯಾದ ಚೀಟಿ ಅಂಟಿತ್ತು. ಅದರ ಮೇಲೆ ಗಂಡನ ಕೈಬರಹದಲ್ಲಿ 'ಬೆಳಗು' ಎಂದಿತ್ತು. ಚೀಟಿಯ ಕೆಳಗೆ ಗಾಜಿನ ಪುಟ್ಟ ಕಿಟಕಿ ಇರುತ್ತದೆ, ಅದರೊಳಗೆ ನೇರಳಾತೀತ ಬೆಳಕು ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಚೀಟಿ ಅಂಟಿಸುವುದು ಎಂದು ಟೀಚರ್ ವಿವರಿಸಿದಳು. ಅಳಿಸುವ ದೀಪದ ಪೆಟ್ಟಿಗೆ ಅವಳದೇ. "ನಾನು ಮುಟ್ಟಿಲ್ಲಮ್ಮ, ದೇವರಾಣೆ," ಎಂದೂ ಸೇರಿಸಿದಳು.

ಅತ್ತೆ ಚಿಪ್ ಅನ್ನು ಅತ್ತಿತ್ತ ತಿರುಗಿಸಿದರು. "ಡ್ರೈವರಣ್ಣ, ಹೊಸ ಚಿಪ್ಪನ್ನ ಗಡಿಯಾರದ ಬೋರ್ಡಿಗೆ ಹೇಗೆ ಹಾಕ್ತೀರಿ?"

"ಹೊಸದರ ಲೋಹದ ಕಾಲು ಹೊರಕ್ಕೆ ಅಗಲ ಇರುತ್ತೆ. ಮೇಜಿಗೆ ಒತ್ತಿ ನೇರ ಮಾಡಿದ್ರೇನೇ ಬೋರ್ಡಲ್ಲಿ ಕೂರೋದು. ಪ್ರೋಗ್ರಾಮರಿಗೆ ಅದೇನೂ ಬೇಡ. ಅದರ ಪುಟ್ಟ ಹಿಡಿ ಎತ್ತಿ, ಚಿಪ್ ಇಟ್ಟು ಅದುಮಿದ್ರೆ ಹಿಡ್ಕೊಳ್ಳುತ್ತೆ."

"ಇಲ್ಲಿರೋ ಹಳೇ ಚಿಪ್‌ಗಳ ಡಬ್ಬಿ ಕೊಡಿ."

ಡಬ್ಬಿಯಲ್ಲಿ ಕಪ್ಪು ಸ್ಪಂಜಿಗೆ ಸಾಲಾಗಿ ಚುಚ್ಚಿದ್ದ ಚಿಪ್‌ಗಳಿದ್ದವು. ಅತ್ತೆ ಇಣುಕಿ ನೋಡಿ, ಮುಚ್ಚಳ ಮುಚ್ಚಿ, ಅದನ್ನು ಮಡಿಲಲ್ಲಿಟ್ಟುಕೊಂಡರು. "ಹೋಗಿ ಬೇಕರಿಯಮ್ಮನನ್ನ ಕರ್ಕೊಂಡು ಬಾರೇ."

ಎಲ್ಲರೂ ಕೂತ ಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡರು.

"ಈ ಯಂತ್ರ ಯಾವ ಚಿಪ್ಪನ್ನೂ ಸುಟ್ಟಿಲ್ಲ. ಯಾರೂ ಏನನ್ನೂ ಅಳಿಸಿಲ್ಲ. ಯಾಕಂದ್ರೆ ಇದು ಆ ಚಿಪ್ಪೇ ಅಲ್ಲ. ಕಾಲು ನೋಡಿ, ಫಳಫಳ ಹೊಳೀತಿವೆ, ಏಡಿಕಾಲಿನ ಹಾಗೆ ಅಗಲಿಸಿಕೊಂಡಿವೆ. ಇಷ್ಟು ವರ್ಷ ಗಡಿಯಾರದಲ್ಲಿ ಕೂತಿದ್ದ ಚಿಪ್‌ನ ಕಾಲು ನೇರ ಇರ್ಬೇಕು. ಯಾರೋ ಚೀಟಿ ಬಿಡಿಸಿ ಹೊಸ ಖಾಲಿ ಚಿಪ್‌ಗೆ ಅಂಟಿಸಿದ್ದಾರೆ. ನೀವೆಲ್ಲ ಚೀಟಿ ನೋಡಿದ್ರಿ, ಕಾಲು ನೋಡ್ಲಿಲ್ಲ."

ಬೇಕರಿಯಮ್ಮ ಸೆರಗಿನ ತುದಿ ಬಿಗಿಯಾಗಿ ಹಿಡಿದಳು. "ಹಾಗಾದ್ರೆ ಅವರ ದನಿ?"

ಅತ್ತೆ ಡಬ್ಬಿ ತೆರೆದರು. "ಈ ಹಳೇ ಚಿಪ್‌ಗಳಿಗೆಲ್ಲ ಬಿಳಿ ಕಾಗದ ಅಂಟಿಸಿದೆ. ಒಂದಕ್ಕೆ ಮಾತ್ರ ಕಪ್ಪು ಟೇಪು. ಮೂಲೆ ಏಳಬಾರದು ಅಂತ ದುಂಡಗೆ ಕತ್ತರಿಸಿದ್ದು, ಆ ಸ್ವಿಚ್ ಬೋರ್ಡಿನ ದೀಪದ ಮೇಲೆ ಇದೆಯಲ್ಲ, ಹಾಗೇ. ಕಾಲು ಮಂಕಾಗಿ, ನೇರವಾಗಿವೆ. ಚೀಟಿ ಬಿಡಿಸಿದ ಮೇಲೆ ಕಿಟಕಿ ಬರಿದಾಯ್ತು. ಬರಿದೇ ಇಟ್ಟಿದ್ರೆ ಯಾರು ಅಂತ ನನಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಆಯುಸ್ಸೆಲ್ಲ ಕತ್ತಲೆ ಕೋಣೇಲಿ ಫಿಲಂ ತೊಳೆದ ಕೈ, ಬೆಳಕು ತಾಗಬಾರದ ವಸ್ತುವನ್ನ ಮುಚ್ಚದೆ ಹೇಗೆ ಬಿಡುತ್ತೆ?"

ಸ್ಟುಡಿಯೋದವನ ಮುಖ ಕಪ್ಪಿಟ್ಟಿತು.

"ನಾಳೆ ನನ್ನ ಭಾಮೈದನ ಅಂಗಡಿಯಿಂದ ದೊಡ್ಡ ಮಷೀನ್ ತಂದು, ಅದರಲ್ಲಿ ದನಿ ವಾಪಸ್ ಬಂತು ಅಂತ ತೋರಿಸೋಣ ಅಂತಿದ್ದೆ," ಎಂದ ಸಣ್ಣ ದನಿಯಲ್ಲಿ. "ಕೂಟದಲ್ಲಿ ಎಲ್ರೂ ಇವನ ಮಾತೇ ಕೇಳಿದ್ರಲ್ಲ, ಹೊಟ್ಟೆ ಉರೀತು. ನೀನು ಅತ್ತಾಗ್ಲೇ ಹೇಳ್ಬೇಕಿತ್ತು ತಾಯಿ. ಬಾಯಿ ಬರ್ಲಿಲ್ಲ. ಡ್ರೈವರಣ್ಣ, ನಿನಗೂ ಅಷ್ಟೇ, ತಪ್ಪಾಯ್ತು."

ಡ್ರೈವರಣ್ಣ ಆ ಚಿಪ್ ಅನ್ನು ಅದೇ ಅಗ್ಗದ ಪ್ರೋಗ್ರಾಮರಿನಲ್ಲಿಟ್ಟು ಹಿಡಿ ಅದುಮಿದ. ಈ ಸಲ ಲ್ಯಾಪ್‌ಟಾಪಿನ ಪರದೆಯ ತುಂಬ ಅಕ್ಷರ, ಅಂಕಿಗಳು ಹರಿದು ಬಂದವು. ಅವನು ಎರಡೆರಡು ಸಲ ಓದಿಸಿ ತಾಳೆ ನೋಡಿದ. ಆಮೇಲೆ ಖಾಲಿ ಚಿಪ್‌ಗೆ ಬರೆದು, ಕಾಲು ನೇರ ಮಾಡಿ, ಗಡಿಯಾರಕ್ಕೆ ಕೂರಿಸಿದ. ಅವನ ಕೈಯಿಂದ ಸ್ಕ್ರೂ ಎರಡು ಸಲ ಜಾರಿತು.

ಬೇಕರಿಯಮ್ಮ ಸ್ಟುಡಿಯೋದವನ ಕಡೆ ತಿರುಗಿದಳು. "ಬೈಯೋದು ಬೇಕಾದಷ್ಟಿದೆ, ಇನ್ನೊಂದು ದಿನ ಬೈತೀನಿ. ಆದ್ರೆ ಆ ಕಿಟಕಿ ಮುಚ್ಚಿದ್ಯಲ್ಲ, ಅದಕ್ಕೆ ಮಾತ್ರ ಸಾಯೋವರೆಗೂ ನಿನ್ನ ನೆನೀತೀನಿ." ಆಮೇಲೆ ಅತ್ತೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಎಂಥ ಪತ್ತೆಗೂ ಹಿಗ್ಗದ ಅತ್ತೆ ಆಗ ಕನ್ನಡಕ ಒರೆಸುವ ನೆಪ ಹುಡುಕಿದ್ದನ್ನು ಸೊಸೆ ನೋಡಿದಳು.

ಡ್ರೈವರಣ್ಣ ಗಡಿಯಾರದ ಗುಂಡಿ ಒತ್ತಿದ. ಕರಕರ ಸದ್ದಿಲ್ಲ. ತೀರಿಹೋದ ಮನುಷ್ಯ, ಜನ ತುಂಬಿದ ಕೋಣೆಯಲ್ಲಿ, ಸ್ವಲ್ಪ ಸಿಡುಕಿನಿಂದ, ತುಂಬಾ ಪ್ರೀತಿಯಿಂದ ಮಾತಾಡಿದ.

"ಎದ್ದೇಳೇ, ಹಿಟ್ಟು ಉಬ್ಬಿದೆ."

ಬೇಕರಿಯಮ್ಮ ಅಷ್ಟು ಜನರ ಮುಂದೆ, ನಾಚದೆ, ಎದ್ದು ನಿಂತಳು.

"ಬಂದೆ ಇರ್ರೀ," ಎಂದಳು.