ಸಿಸ್ಟರ್ ಆಂಟಿ ಬಂದ ಕಾರಣ

ಅವನು ಸೈಕಲ್ಲಿನ ವೇಗ ತಗ್ಗಿಸಿ ಅವಳ ಪಕ್ಕಕ್ಕೆ ಬಂದ. "ಸುಸ್ತಾಯ್ತಾ?" ಎಂದು ಬಾಯಿ ಕೇಳಿತು. ಕಣ್ಣು ಮಾತ್ರ ಬೇರೆಯದೇ ಏನೋ ಕೇಳುತ್ತಿತ್ತು.

ಗಾಳಿಗೆ ಮುಖದ ಮೇಲೆ ಬಿದ್ದ ಕೂದಲನ್ನು ಸರಿಸಿಕೊಂಡು ಅವಳು ಅವನನ್ನೇ ನೋಡಿದಳು. "ನೀವು ಹೀಗೆ ನೋಡ್ತಾ ಇದ್ರೆ ಸುಸ್ತೆಲ್ಲಿಂದ ಬರುತ್ತೆ?" ಅನ್ನಬೇಕೆಂದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಬೆಲ್ಲು ಕಿವಿಗಡಚಿಕ್ಕುವಂತೆ ಮೊಳಗಿತು. ಅವನ ದೊಡ್ಡ ಮಗಳು ಇಬ್ಬರ ನಡುವೆ ಇದ್ದ ಗೇಣು ಜಾಗದಲ್ಲಿ ತನ್ನ ಸೈಕಲ್ ತೂರಿಸಿಯೇಬಿಟ್ಟಳು.

"ಅಪ್ಪಾ, ನಂಗೆ ಕಾಲು ನೋಯ್ತಿದೆ. ನಿಲ್ಸು."

ಮತ್ತೆ ಶುರುವಾಯಿತಲ್ಲ! ಚಿಗರೆಯ ಹಾಗೆ ಓಡಾಡುವ ಹನ್ನೆರಡರ ಹುಡುಗಿಗೆ, ಅಪ್ಪ ಈ ಹೆಂಗಸಿನ ಪಕ್ಕ ಬಂದಾಗಲೇ ಕಾಲು ನೋಯಬೇಕೇ? ಅವಳು ಹಲ್ಲುಕಚ್ಚಿ ಮುಂದೆ ಹೋದಳು. ಹಿಂದೆ ಅವನು ಅಕ್ಕರೆಯಿಂದ "ಕೂತ್ಕೋ ಕಂದಾ, ನೀರು ಕುಡಿ" ಎನ್ನುವುದು ಕೇಳಿಸಿತು.

ಊರಿನಲ್ಲಿ ಅವನದು ಕನ್ನಡಕದಂಗಡಿ. ಅವಳು ಆಸ್ಪತ್ರೆಯಲ್ಲಿ ವಾರ್ಡಿನ ಸಿಸ್ಟರ್. ಔಷಧಿ ಬಾಟಲಿಯ ಮೇಲಿನ ಸಣ್ಣಕ್ಷರ ಮಂಜಾಗತೊಡಗಿದಾಗ ಅವನ ಅಂಗಡಿಗೆ ಹೋಗಿದ್ದಳು. ಖಾಲಿ ಫ್ರೇಮನ್ನು ಅವಳ ಮೂಗಿನ ಮೇಲಿಟ್ಟು, ಎದುರು ಕುಳಿತು, "ನನ್ನ ಕಣ್ಣನ್ನೇ ನೋಡಿ, ಅಲ್ಲಾಡಬೇಡಿ" ಎಂದಿದ್ದ.

"ಬಂದವರಿಗೆಲ್ಲ ಹೀಗೇ ಹೇಳ್ತೀರಾ?"

"ಎಲ್ಲರಿಗೂ ಹೇಳ್ತೀನಿ" ಎಂದವನು ಕಣ್ಣಿನ ಅಳತೆ ಗುರುತು ಹಾಕಲು ಪೆನ್ನು ಹಿಡಿದು ತಡವರಿಸಿದ. "ಆದ್ರೆ ಇವತ್ತಿನ ಹಾಗೆ ನನ್ನ ಕೈ ಯಾವತ್ತೂ ನಡುಗಿಲ್ಲ."

ಅಲ್ಲಿಗೆ ಮುಗಿಯಿತು ಅವಳ ಕಥೆ. ಮದುವೆ, ಗಿದುವೆ ಎಲ್ಲ ತನಗಲ್ಲವೆಂದು ಅಷ್ಟು ವರ್ಷ ಹಾಯಾಗಿದ್ದವಳು, ಆಮೇಲೆ ಚೆನ್ನಾಗಿಯೇ ಇದ್ದ ಕನ್ನಡಕವನ್ನು ಸಡಿಲವಾಯಿತು, ಬಿಗಿಯಾಯಿತು ಎಂದು ನೆಪ ಹೂಡಿ ಹೊತ್ತುಕೊಂಡು ಹೋಗಿದ್ದೇ ಹೋಗಿದ್ದು.

ಅವನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಷ್ಟದ ಮಾತು ಬಂತೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು. "ಮಕ್ಕಳಿಗೆ ಹೇಳ್ತೀನಿ, ಸ್ವಲ್ಪ ಟೈಮ್ ಕೊಡು" ಎನ್ನುತ್ತಾ ಕಾಲ ತಳ್ಳುತ್ತಿದ್ದ. ಕೊನೆಗೆ ಈ ಪ್ರವಾಸ ಹೂಡಿದ. ಪರದೇಶ, ನದಿಯ ದಡದುದ್ದಕ್ಕೂ ಸೈಕಲ್ಲಿಗೆಂದೇ ಮಾಡಿದ ದಾರಿ, ದಿನಕ್ಕೊಂದು ಊರು. ಅಲ್ಲಿ ನಿಧಾನವಾಗಿ ಹೇಳುತ್ತೇನೆ ಎಂದ. ಅವಳು ನಂಬಿ ರಜೆ ಹಾಕಿ ಹೊರಟಳು.

ವಿಮಾನ ನಿಲ್ದಾಣದಲ್ಲಿ ಅವನು ಮಕ್ಕಳಿಗೆ ಹೇಳಿದ್ದೇನು ಗೊತ್ತೆ? "ಸಿಸ್ಟರ್ ಆಂಟಿನೂ ಬರ್ತಾರೆ. ದೂರದ ಊರು ನೋಡಿ, ಯಾರಿಗಾದ್ರೂ ಏನಾದ್ರೂ ಆದ್ರೆ ಬೇಕಲ್ಲ!"

ಅವಳ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಮಕ್ಕಳೆದುರು ಅವನೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದ. "ಸಿಸ್ಟರ್, ಬ್ರೆಡ್ ತಗೊಳ್ಳಿ", "ಸಿಸ್ಟರ್, ಈ ಕಡೆ ತಿರುಗಿ". ಪ್ರೀತಿಸುವ ಗಂಡಸಿನ ಬಾಯಲ್ಲಿ ಈ ಮಾತು ಕೇಳುವ ಯೋಗ ಯಾವ ಹೆಂಗಸಿಗೂ ಬೇಡಪ್ಪಾ.

ಚಿಕ್ಕವಳ ಕಾಟವೇನೂ ಇರಲಿಲ್ಲ. ಅಪ್ಪನ ಸೈಕಲ್ಲಿನ ಹಿಂದೆ ಸಿಕ್ಕಿಸಿದ್ದ ಒಂಟಿಚಕ್ರದ ಪುಟ್ಟ ಸೈಕಲ್ಲಿನಲ್ಲಿ ಕೂತು ಬಾತುಕೋಳಿಗಳಿಗೆಲ್ಲ ಟಾಟಾ ಮಾಡುತ್ತಾ ಬರುತ್ತಿದ್ದಳು. ದೊಡ್ಡವಳದೇ ಸಮಸ್ಯೆ. ಊಟದ ಮೇಜಿನಲ್ಲಿ ಅಪ್ಪನ ಪಕ್ಕ ಅವಳೇ ಕೂರಬೇಕು. ಅಪ್ಪನ ಸೈಕಲ್ಲಿನ ಚೀಲವನ್ನು ಹಟ ಮಾಡಿ ತನ್ನದಕ್ಕೆ ಕಟ್ಟಿಕೊಳ್ಳಬೇಕು. ಈ ಸಿಸ್ಟರ್ ಎಲ್ಲಿ ಕೂತಳು, ಎಲ್ಲಿ ನಿಂತಳು ಎಂದು ಹದ್ದಿನ ಕಣ್ಣಿಟ್ಟು ನೋಡಬೇಕು.

ಆ ಕಾಲು ನೋವಿನ ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮೇಜಿನ ಕೆಳಗೆ ಅವನು ಅವಳ ಕೈ ಹುಡುಕಿದ. ಎಷ್ಟು ಕೋಪವಿದ್ದರೂ ಆ ಸ್ಪರ್ಶಕ್ಕೆ ಅವಳು ಕರಗಿಹೋದಳು. ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ತಲೆಯೆತ್ತಿದರೆ ದೊಡ್ಡವಳು ಬಗ್ಗಿ, ಬಿದ್ದ ಚಮಚವನ್ನು ಎತ್ತಿಕೊಳ್ಳುತ್ತಿದ್ದಾಳೆ! ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಸರಕ್ಕನೆ ಎಳೆದು ಅಪ್ಪನಿಗೆ ಸಿಗದಂತೆ ಇಟ್ಟುಕೊಂಡಳು.

ಇಷ್ಟು ದ್ವೇಷವೇ, ಅನ್ನಿಸಿ ಅವಳು ತಿಂಡಿ ಬಿಟ್ಟು ಎದ್ದಳು.

ಹೊರಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನ ಹತ್ತಿರ ಹೋಗಿ ಖಡಾಖಂಡಿತವಾಗಿ ಹೇಳಿದಳು. "ಮಧ್ಯಾಹ್ನ ಸಿಗೋ ಊರಲ್ಲಿ ರೈಲ್ವೆ ಸ್ಟೇಷನ್ ಇದೆ. ಅಷ್ಟರೊಳಗೆ ನಾನ್ಯಾರು ಅಂತ ಮಕ್ಕಳಿಗೆ ಹೇಳಿದ್ರೆ ಸರಿ. ಇಲ್ಲದಿದ್ರೆ ನಾನು ರೈಲು ಹತ್ತುತ್ತೀನಿ. ಆಮೇಲೆ ನಿಮ್ಮ ಅಂಗಡಿ ಕಡೆ ತಲೆ ಹಾಕಿಯೂ ಮಲಗಲ್ಲ."

"ದೊಡ್ಡವಳ ಮುಖ ನೋಡಿದ್ಯಲ್ಲ, ಊರಿಗೆ ಹೋದ್ಮೇಲೆ..."

"ಕದ್ದುಮುಚ್ಚಿ ಇರೋಕೆ ನಾನೇನು ತಪ್ಪು ಮಾಡಿದೀನಿ?"

ಅವನು ಮತ್ತೆ ಪಂಪಿನ ಮೇಲೆ ಬಗ್ಗಿದ.

ಮಧ್ಯಾಹ್ನದ ಹೊತ್ತಿಗೆ ಆ ಊರು ಕಾಣಿಸಿತು. ಊರೊಳಗೆ ಹೋಗಲು ಸೇತುವೆಗೆ ಏರುವ ಕಡಿದಾದ ದಾರಿ. ಅದರ ಬುಡದಲ್ಲೇ ಎಡಕ್ಕೆ ಬಾಣ ತೋರಿಸಿ ರೈಲಿನ ಚಿತ್ರದ ಬೋರ್ಡು. ಅವಳು ಅಲ್ಲಿ ಇಳಿದು ನಿಂತಳು. ಬೆಳಿಗ್ಗೆಯಿಂದ ಅವನು ಮಕ್ಕಳೆದುರು ಆ ವಿಷಯವನ್ನೇ ಎತ್ತಿರಲಿಲ್ಲ.

"ಅಪ್ಪಾ, ನೀನು ತುಳೀಬೇಡ, ತಳ್ಕೊಂಡು ಬಾ" ಎಂದಳು ದೊಡ್ಡವಳು.

"ಯಾಕೆ, ನಾನೇನು ಮುದುಕನಾ? ನೋಡ್ತಿರು!" ಎಂದು ಅವನು ಚಿಕ್ಕವಳನ್ನು ಇಳಿಸಿ, ಹಿಂದಿನ ಪುಟ್ಟ ಸೈಕಲ್ಲನ್ನು ಬಿಚ್ಚಿಟ್ಟು, ಸೀಟಿನಿಂದ ಎದ್ದು ನಿಂತು ದಮ್ಮು ಕಟ್ಟಿ ತುಳಿದ. ಹೇಳಬೇಕಾದ್ದನ್ನು ಹೇಳಲಾಗದ ಸಿಟ್ಟನ್ನೆಲ್ಲ ಪೆಡಲಿನ ಮೇಲೆ ತೀರಿಸಿಕೊಳ್ಳುತ್ತಿದ್ದನೋ ಏನೋ. ಮೇಲೆ ತಲುಪಿ, ಸೈಕಲ್ ಬಿಟ್ಟು, ಮಕ್ಕಳನ್ನು ನಗಿಸಲೆಂದು ಎದೆ ಹಿಡಿದುಕೊಂಡು "ಅಯ್ಯಯ್ಯೋ, ಸತ್ತೇ ಹೋದೆ!" ಎಂದು ಹುಲ್ಲಿನ ಮೇಲೆ ಅಂಗಾತ ಬಿದ್ದ.

ಚಿಕ್ಕವಳು ಚಪ್ಪಾಳೆ ತಟ್ಟಿದಳು. ದೊಡ್ಡವಳು ಕಿಟಾರನೆ ಕಿರುಚಿದಳು.

ಅವಳ ಸೈಕಲ್ ದಡಾರನೆ ಬಿತ್ತು. ಬಂದವಳೇ ಸಿಸ್ಟರಿನ ತೋಳನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. "ನೋಡ್ತಾ ನಿಂತಿದೀರಲ್ಲ! ಬನ್ನಿ ಆಂಟೀ, ಬೇಗ ಬನ್ನಿ! ಅದಕ್ಕೆ ತಾನೇ ನಿಮ್ಮನ್ನ ಕರ್ಕೊಂಡು ಬಂದಿರೋದು!"

"ಏನಮ್ಮಾ? ಯಾವುದಕ್ಕೆ?"

"ಸುಳ್ಳು ಹೇಳ್ಬೇಡಿ, ನಂಗೆಲ್ಲಾ ಗೊತ್ತು! ಗುಸುಗುಸು ಮಾತಾಡ್ತೀರಿ. ಬೆಳಿಗ್ಗೆ ಮೇಜಿನ ಕೆಳಗೆ ಕೈ ಹಿಡಿದು ನಾಡಿ ನೋಡಿದ್ರಿ. ಅಮ್ಮಂಗೂ ಹೀಗೇ ಆಗಿತ್ತು. ಯಾರೂ ಏನೂ ಹೇಳ್ಲಿಲ್ಲ. ಎಲ್ಲರೂ ಟೂರ್ ಹೋದ್ವಿ, ಎಲ್ಲರೂ ನಗ್ತಾ ಇದ್ರು. ವಾಪಸ್ ಬಂದ್ಮೇಲೆ ಅಮ್ಮ..." ಹುಡುಗಿ ಬಿಕ್ಕಿದಳು.

ಸಿಸ್ಟರಿಗೆ ಒಂದೊಂದೇ ನೆನಪಾಯಿತು. ಕಾಲು ನೋವು, ಚೀಲ, ಉಪ್ಪಿನ ಡಬ್ಬಿ. ಅಯ್ಯೋ, ಎಂಥಾ ಕೆಲಸವಾಯಿತು! ಈ ಮಗು ತನ್ನನ್ನು ದ್ವೇಷಿಸುತ್ತಿರಲಿಲ್ಲ. ಅಪ್ಪನ ಜೀವವನ್ನು ಒಬ್ಬಳೇ ಕಾಯುತ್ತಿತ್ತು.

ಮಗಳ ಕೂಗಿಗೆ ಅವನು ಗಾಬರಿಯಿಂದ ಎದ್ದು ಓಡಿಬಂದಿದ್ದ. ಕೊನೆಯ ಮಾತುಗಳು ಅವನ ಕಿವಿಗೂ ಬಿದ್ದಿದ್ದವು. ಮುಖದಲ್ಲಿ ರಕ್ತವೇ ಇರಲಿಲ್ಲ. "ನಂಗೇನೂ ಆಗಿಲ್ಲ ಪುಟ್ಟಾ. ದೇವರಾಣೆಗೂ ಇಲ್ಲ."

"ನೀನು ಹೇಳ್ಬೇಡ. ಅವತ್ತೂ ಹೀಗೇ ಅಂದಿದ್ದೆ" ಎಂದ ಹುಡುಗಿ ಅವಳ ಕಡೆ ತಿರುಗಿದಳು. "ಆಂಟಿ, ನೀವು ಹೇಳಿ."

ಅವಳು ಮೊಣಕಾಲೂರಿ ಕೂತು ಆ ಒದ್ದೆ ಮುಖವನ್ನು ಕೈಯಲ್ಲಿ ಹಿಡಿದಳು. "ನಾನು ದಿನಾ ರೋಗಿಗಳ ಮಧ್ಯೆ ಇರೋಳು. ನಿಮ್ಮಪ್ಪ ಗುಂಡುಕಲ್ಲಿನ ಹಾಗಿದಾರೆ. ಒಂದೇ ಒಂದು ತೊಂದರೆ, ಪುಕ್ಕಲು."

ಹುಡುಗಿ ಅವಳ ಕಣ್ಣನ್ನು ಬಹಳ ಹೊತ್ತು ನೋಡಿದಳು. ನಂಬಿಕೆ ಬಂದಿರಬೇಕು, ಭುಜಗಳು ಸಡಿಲವಾದವು. ಆಮೇಲೆ ಹುಬ್ಬು ಗಂಟಿಕ್ಕಿತು. "ಮತ್ತೆ ಇವರು ಯಾಕೆ ಬಂದಿರೋದು ಅಪ್ಪಾ?"

ಅವಳು ಹುಡುಗಿಯ ಮುಖದಿಂದ ಕೈ ತೆಗೆದಳು. ಇದನ್ನು ಅವನೇ ಹೇಳಬೇಕು. ಅವನು ಬಟ್ಟೆಯ ಹುಲ್ಲು ಕೊಡವಿಕೊಂಡ. "ಅದು... ಏನಂದ್ರೆ... ಊರಿಗೆ ಹೋದ್ಮೇಲೆ..."

ಸಾಕಾಯಿತು. ಅವಳು ಎದ್ದು, ಸೈಕಲ್ಲಿನ ಸ್ಟ್ಯಾಂಡ್ ಒದ್ದು, ಮುಂದಿನ ಚಕ್ರವನ್ನು ಸ್ಟೇಷನ್ನಿನ ದಾರಿಗೆ ತಿರುಗಿಸಿದಳು. ಕಣ್ಣು ಮಂಜಾಗಿ ಬೋರ್ಡೇ ಕಾಣಿಸುತ್ತಿರಲಿಲ್ಲ. ಇಂಥವನನ್ನು ಪ್ರೀತಿಸಿದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ ಎಂದುಕೊಂಡಳು.

"ನಂಗೆ ಇವಳು ಬೇಕು!"

ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಸೇತುವೆಯ ಮೇಲೆ ಹೋಗುತ್ತಿದ್ದವರು ಭಾಷೆ ತಿಳಿಯದಿದ್ದರೂ ತಿರುಗಿ ನೋಡಿದರು. "ಕಂದಾ, ಇವಳಂದ್ರೆ ನಂಗೆ ಪ್ರಾಣ. ಇವಳಿಲ್ಲದೆ ನಂಗಾಗಲ್ಲ. ಅದಕ್ಕೇ ಕರ್ಕೊಂಡು ಬಂದೆ. ನಿಮಗೆ ಹೇಳೋಕೆ ಭಯ ಆಯ್ತು, ಏನೋ ಒಂದು ನೆಪ ಹೇಳ್ದೆ. ಅಮ್ಮನ ವಿಷಯದಲ್ಲೂ ಭಯಪಟ್ಟೇ ಮುಚ್ಚಿಟ್ಟೆ. ತಪ್ಪಾಯ್ತು ಮಗಳೇ." ಅವನು ಮಕ್ಕಳೆದುರೇ ಬಂದು ಅವಳ ಹ್ಯಾಂಡಲ್ ಹಿಡಿದುಕೊಂಡ. "ಹೋಗ್ಬೇಡ. ನನ್ನ ಮದುವೆ ಆಗು."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಇಷ್ಟು ಹೊತ್ತು ಬೇಕಾಯ್ತಾ?"

"ಮದುವೆಗೆ ನಂಗೆ ಹೊಸ ಶೂ ಬೇಕು" ಎಂದಳು ಚಿಕ್ಕವಳು.

"ಸುಮ್ನಿರೇ" ಎಂದು ತಂಗಿಯನ್ನು ಗದರಿ ದೊಡ್ಡವಳು ತೋಳಿನಿಂದ ಮೂಗು ಒರೆಸಿಕೊಂಡಳು. "ನಂಗೆ ಇದು ಇಷ್ಟಾನಾ ಇಲ್ವಾ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಪರವಾಗಿಲ್ಲ. ಅವಸರ ಏನೂ ಇಲ್ಲ" ಎಂದಳು ಅವಳು. ಅವನು ಏನೋ ಹೇಳಲು ಹೊರಟಾಗ ಕಣ್ಣಲ್ಲೇ ಸುಮ್ಮನಿರಿಸಿದಳು. ಹುಡುಗಿ ಒಪ್ಪದಿದ್ದರೆ ಮದುವೆ ಮುಂದಕ್ಕೆ ಹೋಗುತ್ತದೆ, ಹೋಗಲಿ. ಈ ಮಗುವಿನ ಮೇಲೆ ಮತ್ತೊಂದು ಭಾರ ಹೊರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಹುಡುಗಿ ಕಾಲಿನಿಂದ ಹುಲ್ಲು ಕೆದರುತ್ತಾ ಯೋಚಿಸಿದಳು.

"ಅಪ್ಪಂಗೆ ಯಾವತ್ತಾದ್ರೂ ನಿಜವಾಗ್ಲೂ ಏನಾದ್ರೂ ಆದ್ರೆ, ಅವನು ನಂಗೆ ಹೇಳಲ್ಲ. ನೀವು ಹೇಳ್ತೀರಾ?"

"ಹೇಳ್ತೀನಿ."

"ಹೇಳ್ಬೇಡ ಅಂತ ಅವನಂದ್ರೂ?"

ಅವಳು ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

"ಅಂದ್ರೂ ಹೇಳ್ತೀನಿ."

"ನಿಮಗೇ ಅಳು ಬಂದ್ರೆ?"

"ಅಳ್ತಾನೇ ಹೇಳ್ತೀನಿ ಮಗಳೇ."

ಹುಡುಗಿ ಹತ್ತಿರ ಬಂದು ಅವಳ ಹೆಗಲಿಗೆ ಹಣೆಯೊತ್ತಿ, ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಅತ್ತುಬಿಟ್ಟಳು.